ಪಟಮಟದ ಅರ್ಧ ಎಂ.ಎ.

ಶಂಕರಪ್ಪನವರ ಮನೆಯಲ್ಲಿ ಇಡ್ಲಿ ಮಾಡಿ ಎರಡು ವರ್ಷವಾಗಿತ್ತು. ಅಕ್ಕಿಗೆ ಬರವಿರಲಿಲ್ಲ, ಉದ್ದಿಗೂ ಬರವಿರಲಿಲ್ಲ, ಹೆಂಡತಿ ಸುಲೋಚನಾಗೆ ಮೈ ಹುಷಾರಿಲ್ಲ ಎಂದೂ ಅಲ್ಲ. ಇಡ್ಲಿ ಪಾತ್ರೆ ಗೋಣಿಚೀಲದೊಳಗಿತ್ತು, ಅಷ್ಟೆ. ಎಂಬತ್ತಾರರ ಏಪ್ರಿಲ್‌ನಲ್ಲಿ, ವಿಜಯವಾಡದಿಂದ ತಿಪಟೂರಿಗೆ ವರ್ಗ ಬೇಕೆಂದು ಗಂಡ ಬ್ಯಾಂಕಿಗೆ ಅರ್ಜಿ ಹಾಕಿದ ದಿನವೇ ಆಕೆ ದೊಡ್ಡ ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿ ದಬ್ಬಳದಿಂದ ಬಾಯಿ ಹೊಲಿದುಬಿಟ್ಟಿದ್ದಳು. ಆರ್ಡರು ಬಂದಾಗ ಗಡಿಬಿಡಿ ಆಗಬಾರದಲ್ಲ! ಆರ್ಡರು ಬರಲಿಲ್ಲ. ಗೋಣಿ ಬಿಚ್ಚಲೂ ಇಲ್ಲ. ಬಿಚ್ಚಿದರೆ ಸೋಲೊಪ್ಪಿಕೊಂಡ ಹಾಗೆ ಎಂಬುದು ಆಕೆಯ ಹಟ. ಇಡ್ಲಿ ತಿನ್ನಬೇಕೆನಿಸಿದಾಗ ತಾವಿದ್ದ ಪಟಮಟ ಬಡಾವಣೆಯ ಮೂಲೆ ಹೋಟೆಲಿನಿಂದ ತಂದು, ಅದರ ಮೇಲೆ ಹೋಟೆಲಿನವರು ಉದುರಿಸಿಕೊಟ್ಟ ಖಾರದಪುಡಿಗೆ ಕಣ್ಣು ಮೂಗು ಒರೆಸಿಕೊಳ್ಳುತ್ತ ತಿನ್ನುತ್ತಿದ್ದರು.

ಹೋಗಲಿ, ಇಡ್ಲಿಯಿಲ್ಲದೆ ಬದುಕಬಹುದು. ಆದರೆ ಮಗಳು ಮೃಣಾಲಿನಿ ತಿಪಟೂರಿನ ಅಜ್ಜಿಗೆ ಬರೆದ ಕಾಗದ ತೆಲುಗಿನಲ್ಲಿತ್ತು. ಅರ್ಧ ಅಕ್ಷರ ಗುರುತು ಹತ್ತಿ ಅರ್ಧ ಹತ್ತದೆ, ಇದು ಯಾವುದೋ ಮಂತ್ರವಿರಬೇಕೆಂದುಕೊಂಡ ಅಜ್ಜಿ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರಂತೆ. ಈ ಸುದ್ದಿ ಬಂದ ದಿನ ಸುಲೋಚನಾ ನಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಈ ವರ್ಷ ಹೋಗ್ಲೇಬೇಕು ಕಣ್ರೀ. ಇಲ್ದಿದ್ರೆ ಅಜ್ಜಿ ಮೊಮ್ಮಗಳ ಮಧ್ಯೆ ದುಭಾಷಿ ಇಡ್ಬೇಕಾಗುತ್ತೆ” ಅಂದಳು. ಶಂಕರಪ್ಪನವರಿಗೂ ಅಂದು ಊಟ ಸೇರಲಿಲ್ಲ.

ಅರ್ಜಿ ಇದ್ದದ್ದು ರೀಜನಲ್ ಮ್ಯಾನೇಜರ್ ಕಾಮೇಶ್ವರ ರಾಯರ ಮೇಜಿನ ಮೇಲೆ. ರಾಯರು ಬಹಳ ಸಜ್ಜನರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಯಾರಿಗೂ ಇಲ್ಲ ಎಂದವರಲ್ಲ. ಹೂಂ ಎಂದವರೂ ಅಲ್ಲ. ಯಾವ ಫೈಲು ಬಂದರೂ ಅದರ ಮೇಲೆ ಹಸಿರು ಶಾಯಿಯಲ್ಲಿ ‘ಪರಿಶೀಲಿಸಲಾಗುತ್ತಿದೆ’ ಎಂದು ಬರೆದು ಕೆಳಗಿಡುತ್ತಿದ್ದರು. ತೀರ್ಮಾನ ಕೊಡದವನು ತಪ್ಪು ಮಾಡುವುದೆಲ್ಲಿಂದ ಬಂತು? ತಪ್ಪೇ ಮಾಡದವನಿಗೆ ಬಡ್ತಿ ತಪ್ಪಿಸುವವರು ಯಾರು? ಹೀಗೆ ಪರಿಶೀಲಿಸುತ್ತ ಪರಿಶೀಲಿಸುತ್ತಲೇ ಅವರು ಗುಮಾಸ್ತೆಯಿಂದ ರೀಜನಲ್ ಮ್ಯಾನೇಜರ್ ಆಗಿದ್ದರು.

ಇಷ್ಟು ಹಿನ್ನೆಲೆ. ಇನ್ನು ಬೋರ್ಡಿನ ಕಥೆ.

ಶಂಕರಪ್ಪನವರು ಹಿಂದೆಂದೋ ಅಂಚೆ ಶಿಕ್ಷಣದಲ್ಲಿ ಇತಿಹಾಸದ ಎಂ.ಎ.ಗೆ ಸೇರಿ ಮೊದಲ ವರ್ಷ ಪಾಸಾಗಿದ್ದರು. ಎರಡನೆಯ ವರ್ಷದ ಪುಸ್ತಕಗಳು ಬಂದವು. ಅಷ್ಟರಲ್ಲಿ ಮೃಣಾಲಿನಿಯೂ ಬಂದಳು. ಪುಸ್ತಕಗಳ ಮೇಲೆ ಕೂಸಿನ ಬಟ್ಟೆ ಒಣಗಿದವು. ಅಲ್ಲಿಗೆ ವಿದ್ಯಾಭ್ಯಾಸ ನಿಂತಿತು. ಈಚೆಗೆ ಪಟಮಟದ ಬಾಡಿಗೆ ಮನೆಯ ಬಾಗಿಲಿಗೆ ಹೆಸರಿನ ಬೋರ್ಡು ಬರೆಸುವಾಗ ಅವರು ಪ್ರಾಮಾಣಿಕವಾಗಿಯೇ ‘ಬಿ. ಶಂಕರಪ್ಪ, ಎಂ.ಎ. (ಪ್ರಥಮ ವರ್ಷ)’ ಎಂದು ಚೀಟಿ ಕೊಟ್ಟಿದ್ದರು. ಪೇಂಟರು ಹೆಸರನ್ನು ಸಿನಿಮಾ ಪೋಸ್ಟರಿನ ಅಳತೆಯಲ್ಲಿ ಬರೆದ. ‘ಎಂ.ಎ.’ ಹೊತ್ತಿಗೆ ಹಲಗೆ ಮುಗಿದುಹೋಯಿತು. “ಇಂಕ ಜಾಗ ಲೇದಂಡಿ” ಎಂದು ಕುಂಚ ತೊಳೆದುಕೊಂಡ. ಶಂಕರಪ್ಪನವರು ಬೋರ್ಡನ್ನು ದೂರದಿಂದೊಮ್ಮೆ, ಹತ್ತಿರದಿಂದೊಮ್ಮೆ ನೋಡಿದರು. ಸತ್ಯಕ್ಕೆ ಜಾಗವಿಲ್ಲದಿದ್ದರೆ ತಾನೇನು ಮಾಡಲಿ ಎಂದುಕೊಂಡು ಮೊಳೆ ಹೊಡೆಸಿದರು.

ಅದು ಮೊದಲು ಬಿದ್ದದ್ದು ಮಹಡಿಯಲ್ಲಿದ್ದ ಮನೆಯ ಒಡತಿ ಗಂಗಾಭವಾನಿಯವರ ಕಣ್ಣಿಗೆ. ಐವತ್ತೇಳು ವರ್ಷ, ನಿವೃತ್ತ ಶಾಲಾ ಶಿಕ್ಷಕಿ, ತಾಯಿ ಬಳ್ಳಾರಿಯ ಕಡೆಯವರಾದ್ದರಿಂದ ಕನ್ನಡ ಬಲ್ಲವರು. ವಿಶಾಖಪಟ್ಟಣದ ಒಂದು ಅಂಚೆ ಶಿಕ್ಷಣ ಕೇಂದ್ರದಲ್ಲಿ ಇತಿಹಾಸದ ಎಂ.ಎ. ಕಟ್ಟಿ, ಕೊನೆಯ ಪತ್ರಿಕೆಯೊಂದರಲ್ಲೇ ಮೂರು ಸಲ ಡುಮ್ಕಿ ಹೊಡೆದಿದ್ದರು.

“ಏನಂಡಿ ಶಂಕರಪ್ಪಗಾರು! ಹಿಸ್ಟರಿ ಎಂ.ಎ. ಮನಿಯಾಗ ಇಟ್ಕೊಂಡು ನಾನು ಊರೆಲ್ಲ ಮಾಸ್ಟಾರನ್ನ ಹುಡುಕ್ತಿದ್ದೆ ನೋಡ್ರಿ. ನನಗ ಸಂಶ್ಲೇಷಣ ಪ್ರಬಂಧ ಕಲಿಸ್ಬೇಕು.”

ಸಂಶ್ಲೇಷಣ ಪ್ರಬಂಧವೆಂದರೆ ಎರಡನೆಯ ವರ್ಷದ ಬಾಬತ್ತು; ಕೂಸಿನ ಬಟ್ಟೆ ಒಣಗಿದ್ದು ಅದರ ಮೇಲೆಯೇ. ಶಂಕರಪ್ಪನವರು ಸತ್ಯ ಹೇಳಲು ಬಾಯಿ ತೆರೆದರು. ಅದೇ ಕ್ಷಣಕ್ಕೆ ಆಕೆ, “ನಾಳೆಯಿಂದ ನೀರಿನ ಮೋಟರು ಅರ್ಧ ಗಂಟೆ ಜಾಸ್ತಿ ಬಿಡ್ತೀನಿ” ಅಂದರು. ತೆರೆದ ಬಾಯಿಂದ, “ಭಾನುವಾರ ಬನ್ನಿ” ಎಂಬ ಮಾತು ಹೊರಬಿತ್ತು.

ಶುಕ್ರವಾರ ರೀಜನಲ್ ಆಫೀಸಿನಿಂದ ಕರೆ ಬಂತು. ಆರ್ಡರೇ ಇರಬೇಕೆಂದು ಶಂಕರಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಕಾಮೇಶ್ವರ ರಾಯರು ಎದ್ದು ಹೋಗಿ ತಾವೇ ಬಾಗಿಲು ಮುಚ್ಚಿ ಬಂದರು. ಅವರೂ ಬಳ್ಳಾರಿಯಲ್ಲಿ ಏಳು ವರ್ಷ ಇದ್ದವರಾದ್ದರಿಂದ ಗುಟ್ಟಿನ ಮಾತೆಲ್ಲ ಕನ್ನಡದಲ್ಲಿ.

“ಶಂಕರಪ್ಪ, ಗಂಗಾಭವಾನಿಗಾರು ಹೇಳಿದ್ರು. ಸಂಪರ್ಕ ತರಗತಿಯಲ್ಲಿ ಅವರದೂ ನಂದೂ ಒಂದೇ ಬೆಂಚು. ಮೂರು ಸಲ ಒಟ್ಟಿಗೇ ಫೇಲಾಗೀವಿ.” ರಾಯರು ದನಿ ತಗ್ಗಿಸಿದರು. “ನಮ್ಮ ಅಳಿಯ ಪಿಎಚ್.ಡಿ. ಹಬ್ಬಕ್ಕೆ ಬಂದಾಗ ಯಾವುದಾದ್ರೂ ಪುಸ್ತಕ ತಗೊಂಡು ನನಗೆ ತೋರಿಸ್ತಾನೆ, ‘ಮಾವಯ್ಯಗಾರು, ಇದು ನಿಮಗೆ ಕಷ್ಟ’ ಅಂತಾನೆ. ರಿಟೈರ್ ಆಗೋದ್ರೊಳಗೆ ನಾನು ಎಂ.ಎ. ಆಗ್ಬೇಕು. ನನಗೆ ಎಂ.ಎ. ಆಗ್ಲಿ, ನಿಮ್ಮ ಫೈಲಿಗೆ ಆವತ್ತೇ ಒಂದು ದಾರಿ.”

“ಸರ್, ನಾನು ಪೂರ್ತಿ…”

“ಪೂರ್ತಿ ನಿಮ್ಮ ಮೇಲೇ ಬಿಟ್ಟೀನಿ” ಎಂದರು ರಾಯರು.

ಮನೆಗೆ ಬಂದು ಹೇಳಿದಾಗ ಸುಲೋಚನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನಿಮಗೇ ಬರದೇ ಇರೋದನ್ನ ಅವರಿಗೆ ಹೆಂಗ್ರೀ ಕಲಿಸ್ತೀರಾ?”

“ಬರೋದಾಗಿದ್ರೆ ಯಾರು ಬೇಕಾದ್ರೂ ಕಲಿಸ್ತಾರೆ” ಎಂದರು ಶಂಕರಪ್ಪನವರು. ಅಲ್ಲಿಯವರೆಗೆ ಅವರು ಆಡಿದ ಮಾತುಗಳಲ್ಲಿ ಇದೇ ಸ್ವಲ್ಪ ಎಂ.ಎ. ಮಟ್ಟದ್ದಾಗಿತ್ತು.

ಭಾನುವಾರ ಜಗಲಿಯಲ್ಲಿ ತರಗತಿ. ಐವತ್ತಾರರ ರಾಯರು, ಐವತ್ತೇಳರ ಗಂಗಾಭವಾನಿ ಚಾಪೆಯ ಮೇಲೆ. ನಲವತ್ತರ ಗುರುಗಳು ಕುರ್ಚಿಯ ತುದಿಯಲ್ಲಿ, ರಾಯರು ಕೆಮ್ಮಿದಾಗಲೆಲ್ಲ ಅಭ್ಯಾಸಬಲದಿಂದ ಎದ್ದು ನಿಲ್ಲುತ್ತ. ಪಠ್ಯ ಬಿಚ್ಚಿದರು. ಹತ್ತಿರದ ಮಂಗಳಗಿರಿಯ ನೇಕಾರರು ಮೊದಲು ಎಲ್ಲಿಂದ ಬಂದರು ಎಂಬ ಬಗ್ಗೆ ಮೂರು ವಿದ್ವತ್ ಲೇಖನ. ಮೂರನ್ನೂ ಓದಿ, ಮೂರರ ವಾದವನ್ನೂ ಒಂದರೊಡನೊಂದು ಹೆಣೆದು, ಅದರೊಳಗಿಂದ ತನ್ನದೇ ಒಂದು ವಾದ ಕಟ್ಟಿ ಒಂದು ಪ್ರಬಂಧ ಬರೆಯಬೇಕು.

ಮೊದಲ ಲೇಖನ ವಿಶಾಖಪಟ್ಟಣದ ಡಾ. ಸತ್ಯಮೂರ್ತಿಯವರದು: ನೇಕಾರರು ಹೊರಗಿನಿಂದ ಬಂದವರು. ಎರಡನೆಯದು ವಿಜಯವಾಡದ ಡಾ. ರಾಜ್ಯಲಕ್ಷ್ಮಿಯವರದು: ಎಲ್ಲಿಂದಲೂ ಬಂದವರಲ್ಲ, ಮೊದಲಿಂದ ಅಲ್ಲೇ ಇದ್ದವರು. ಮೂರನೆಯದು ಯಾರೋ ನಿವೃತ್ತರದು. ಮೂವತ್ತೆರಡು ಪುಟ ಬರೆದು ಕೊನೆಗೆ ‘ಬಂದಿರಲೂಬಹುದು, ಇದ್ದಿರಲೂಬಹುದು, ಹೆಚ್ಚಿನ ಸಂಶೋಧನೆ ಅಗತ್ಯ’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಿದ್ದರು. ರಾಯರಿಗೆ ಬಹಳ ಹಿಡಿಸಿದ್ದು ಇವರೇ.

ನಿಜವಾದ ತೊಡಕು ಬೇರೆ ಇತ್ತು. ಪ್ರಬಂಧಕ್ಕೆ ಇಬ್ಬರು ಪರೀಕ್ಷಕರು. ಒಬ್ಬರು ಸತ್ಯಮೂರ್ತಿ, ಇನ್ನೊಬ್ಬರು ರಾಜ್ಯಲಕ್ಷ್ಮಿ. ಹೊರಗಿನಿಂದ ಬಂದರು ಎಂದು ಬರೆದವರನ್ನು ಆಕೆ ಕೆಡವುತ್ತಿದ್ದರು. ಅಲ್ಲೇ ಇದ್ದರು ಎಂದವರನ್ನು ಆತ. ಇಬ್ಬರೂ ಸರಿ ಎಂದವರನ್ನು ಇಬ್ಬರೂ ಸೇರಿ ಕೆಡವುತ್ತಿದ್ದರು. ಅವರು ಒಮ್ಮತಕ್ಕೆ ಬರುತ್ತಿದ್ದುದು ಅದೊಂದರಲ್ಲೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಇಲ್ಲಿ ಐವತ್ತು ದಾಟಿದ ಕೂಸುಗಳು ಬಡವಾಗಿದ್ದವು.

ಶಂಕರಪ್ಪನವರು ಗಂಟಲು ಸರಿಮಾಡಿಕೊಂಡರು. “ನೋಡಿ, ಮೂರು ಬ್ರ್ಯಾಂಚಿಂದ ಮೂರು ಸ್ಟೇಟ್‌ಮೆಂಟ್ ಬರುತ್ತೆ. ರೀಜನಲ್ ಆಫೀಸಲ್ಲಿ ಮೂರನ್ನೂ ಸೇರಿಸಿ ಒಂದು ಮಾಡಲ್ವಾ? ಅದೇ ಸಂಶ್ಲೇಷಣೆ.”

“ಇಷ್ಟು ಸುಲಭಾನಾ!” ಎಂದು ರಾಯರು ತೊಡೆ ತಟ್ಟಿದರು. ಮುಂದಿನ ವಾರಕ್ಕೆ ಅವರ ಪ್ರಬಂಧ ಸಿದ್ಧವಾಯಿತು. ‘ಉಲ್ಲೇಖ: ಮೂರು ಲೇಖನಗಳು. ಒಂದನೆಯವರು ಬಂದರು ಎಂದು ತಿಳಿಸಿರುತ್ತಾರೆ. ಎರಡನೆಯವರು ಬರಲಿಲ್ಲ ಎಂದು ತಿಳಿಸಿರುತ್ತಾರೆ. ಮೂರನೆಯವರಿಂದ ಸ್ಪಷ್ಟೀಕರಣ ಬರಬೇಕಾಗಿದೆ. ಮೇಲಿನವರ ಆದೇಶಕ್ಕಾಗಿ ಸಲ್ಲಿಸಿದೆ.’ ಅಭ್ಯಾಸಕ್ಕೆಂದು ಕೇಂದ್ರಕ್ಕೆ ಕಳಿಸಿದರು. ಕೆಂಪು ಶಾಯಿಯ ಒಂದೇ ಸಾಲಿನೊಡನೆ ಅದು ಹಿಂದಕ್ಕೆ ಬಂತು: ‘ನಿಮ್ಮ ಸ್ವಂತ ಅಭಿಪ್ರಾಯ ಎಲ್ಲಿ?’

ರಾಯರು ಆ ಸಾಲನ್ನು ತೋರಿಸುವಾಗ ಮುಖ ಚಿಕ್ಕದಾಗಿತ್ತು. “ಸ್ವಂತ ಅಭಿಪ್ರಾಯ! ಮೂವತ್ತೊಂದು ವರ್ಷ ಸರ್ವೀಸು, ಶಂಕರಪ್ಪ. ಒಂದೇ ಒಂದು ಅಭಿಪ್ರಾಯ ಇಟ್ಕೊಂಡವನಲ್ಲ. ಮನೆಯಲ್ಲಿ ಕೂಡ. ಏನು ಸಾರು ಮಾಡ್ಲಿ ಅಂದ್ರೆ, ನಿನ್ನಿಷ್ಟ ಅಂದವನು ನಾನು. ಈಗ ಎಲ್ಲಿಂದ ತರ್ಲಿ?”

ಗುರುಗಳ ಹತ್ತಿರವೂ ದಾಸ್ತಾನಿರಲಿಲ್ಲ. ಅವರು ತಲೆ ಕೆರೆದುಕೊಳ್ಳುತ್ತಿರುವಾಗ ಗಂಗಾಭವಾನಿಯವರು ಕನ್ನಡಕ ಏರಿಸಿ, ಲೇಖನಗಳ ಅಡಿಟಿಪ್ಪಣಿಗಳನ್ನು ಓದುತ್ತಿದ್ದರು. ಅವರು ಮೂರು ವರ್ಷದಿಂದ ಓದುತ್ತಿದ್ದುದು ಅಡಿಟಿಪ್ಪಣಿಗಳನ್ನೇ; ಸ್ವಾರಸ್ಯವೆಲ್ಲ ಅಲ್ಲೇ ಎಂದು ಅವರ ಅನುಭವ.

“ಮ್ಯಾಲೆ ನೋಡ್ರಿ, ‘ಮಾನ್ಯ ವಿದುಷಿಯವರು’ ಅಂತಾನ. ಕೆಳಗ ಸಣ್ಣಕ್ಷರದಾಗ ನೋಡ್ರಿ, ‘ಇವರು ಶಾಸನ ತಲೆಕೆಳಗು ಹಿಡಿದು ಓದಿದಂತಿದೆ’. ಮ್ಯಾಲೆ ಶಾಲು, ಕೆಳಗ ಚಪ್ಪಲಿ! ಆಕಿ ಏನು ಕಮ್ಮಿ? ಹದಿನಾಕನೇ ಟಿಪ್ಪಣಿಯಾಗ ಅವನ ವಿದ್ಯೆ ಪೂರ್ತಿ ಬಿಚ್ಚಿಟ್ಟಾಳ.” ಆಕೆ ಪುಸ್ತಕ ಮಡಚಿದರು. “ಮಾಸ್ಟಾರು, ಇದು ಪ್ರಬಂಧ ಬರೆದು ಹೋಗೋ ಜಗಳ ಅಲ್ಲ. ಪೆದ್ದಮನುಷುಲು ಕೂಡಬೇಕು.”

ಬೆಜವಾಡದ, ಅಂದರೆ ವಿಜಯವಾಡದ ಕಡೆ ಹಿರಿಯರು ಕೂತು ಬಗೆಹರಿಸದ ವ್ಯಾಜ್ಯವಿಲ್ಲ. ಗೋಡೆಯ ಜಗಳ, ಸೊಸೆಯ ಜಗಳ, ಮಾವಿನಕಾಯಿ ಪಕ್ಕದ ಕಾಂಪೌಂಡಿಗೆ ಬಿದ್ದ ಜಗಳ, ಎಲ್ಲಕ್ಕೂ ನಾಲ್ಕು ಹಿರಿಯರು ಎರಡು ಕಡೆಯವರನ್ನೂ ಕೂಡಿಸಿ, ಬೈದು, ಕಾಫಿ ಕುಡಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿ ಕಳಿಸುತ್ತಾರೆ. ಇಬ್ಬರು ವಿದ್ವಾಂಸರು ಇದಕ್ಕೆ ಹೊರತೇ?

“ಮಂಗಳಗಿರಿ ಗುಡ್ಡದ ನರಸಿಂಹಸ್ವಾಮಿಗೆ ಬಿಂದಿಗಿ ಪಾನಕ ಕೊಟ್ರ ಅರ್ಧ ಕುಡಿದು ಅರ್ಧ ಭಕ್ತರಿಗೆ ಬಿಡ್ತಾನ” ಎಂದರು ಗಂಗಾಭವಾನಿ. “ಹೊಟ್ಟಿ ಬಗೆದ ಉಗ್ರ ದೇವರೇ ಅರ್ಧ ಬಿಟ್ಟಮ್ಯಾಲೆ ಈ ಇಬ್ಬರು ಡಾಕ್ಟರುಗಳದ್ದೇನು? ಅವನು ಅರ್ಧ ಬಿಡ್ಲಿ, ಇವಳು ಅರ್ಧ ಬಿಡ್ಲಿ. ಇಬ್ಬರೂ ಒಂದೇ ಮಾತಿಗೆ ಬಂದ್ರ ನಾವೂ ಅದನ್ನೇ ಬರೀತೀವಿ, ಇಬ್ಬರೂ ಮಾರ್ಕು ಕೊಡ್ತಾರ. ಏನಂತೀರಿ ಮಾಸ್ಟಾರು? ಇದು ಸಂಶ್ಲೇಷಣೆ ಹೌದೋ ಅಲ್ಲೋ?”

ರಾಯರೂ ಗುರುಗಳ ಮುಖ ನೋಡಿದರು. ಶಂಕರಪ್ಪನವರಿಗೆ ತಾನು ಇನ್ನೇನೂ ಕಲಿಸಬೇಕಾಗಿಲ್ಲ ಎಂಬುದೊಂದೇ ಹೊಳೆದದ್ದು. “ಇದೇ ಶುದ್ಧ ಸಂಶ್ಲೇಷಣೆ” ಎಂದು ಅಧಿಕಾರವಾಣಿಯಲ್ಲಿ ನುಡಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಆದರೆ ಆ ದೊಣ್ಣೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿ ಕಾಯುತ್ತದೆಂದು ಅವರಿಗೆ ಗೊತ್ತಾಗಲಿಲ್ಲ.

ಅಲ್ಲಿ ಕಾದಿದ್ದವರು ಗಂಗಾಭವಾನಿಯವರ ತಮ್ಮ ಜಗನ್ಮೋಹನ್. ಬಂದರಿನಲ್ಲಿ ಹಮಾಲಿಗಳ ಒಂದು ಯೂನಿಯನ್ನಿನ ಕಾರ್ಯದರ್ಶಿ, ಅದೇ ಪತ್ರಿಕೆಯಲ್ಲಿ ಎರಡು ಸಲ ಫೇಲು. ಅಕ್ಕ ಪತ್ರ ಬರೆದದ್ದೇ ತಡ, ಈ ಕೆಲಸ ನನ್ನದು ಎಂದು ತೋಳೇರಿಸಿದರು. ಕೇಂದ್ರದಲ್ಲಿ ಹತ್ತು ದಿನದ ಸಂಪರ್ಕ ತರಗತಿ. ಕೊನೆಯ ದಿನ ಇಬ್ಬರು ಪರೀಕ್ಷಕರೂ ಊರಲ್ಲಿರುತ್ತಾರೆ. ಮರುದಿನ ಪ್ರಬಂಧ ಒಪ್ಪಿಸಬೇಕು. ಶಂಕರಪ್ಪನವರನ್ನು ರಾಯರು ‘ಬಂದರು ಶಾಖೆಯ ತಪಾಸಣೆ’ ಎಂದು ಡ್ಯೂಟಿ ಮೇಲೆ ಕರೆದೊಯ್ದರು.

“ಅವರಿಬ್ಬರು ಒಂದೇ ಕೋಣೆಗೆ ಬರ್ತಾರೇನ್ರಿ?” ಎಂದು ರಾಯರಿಗೆ ಸಂಶಯ.

“ಸನ್ಮಾನ ಅಂದಿದೀನಿ” ಎಂದರು ಜಗನ್ಮೋಹನ್, ತೆಲುಗಿನಲ್ಲಿ. “ಇಬ್ಬರಿಗೂ ಬೇರೆ ಬೇರೆ ಹೇಳಿದೀನಿ, ನಿಮಗೊಬ್ಬರಿಗೇ ಅಂತ. ಇಪ್ಪತ್ತು ವರ್ಷದಿಂದ ಹಡಗಿನ ಕಂಪನಿಯವರನ್ನ ಕೂಲಿ ಮಾತುಕತೆಗೆ ಕರೆಸ್ತಿದೀನಿ, ಅವರಾದರೂ ಒಮ್ಮೊಮ್ಮೆ ಬರಲ್ಲ. ಸನ್ಮಾನ ಅಂದರೆ ಬರದ ವಿದ್ವಾಂಸರನ್ನ ನಾನು ನೋಡಿಲ್ಲ.”

ಹಾಗೆಯೇ ಆಯಿತು. ಬಂದರಿನ ಪಕ್ಕದ ಯೂನಿಯನ್ ಹಾಲಿಗೆ ನಾಲ್ಕು ಗಂಟೆಗೆ ಡಾ. ಸತ್ಯಮೂರ್ತಿ ಬಂದರು, ನಾಲ್ಕೂ ಐದಕ್ಕೆ ರೇಷ್ಮೆ ಸೀರೆಯುಟ್ಟು ಡಾ. ರಾಜ್ಯಲಕ್ಷ್ಮಿ. ಒಬ್ಬರನ್ನೊಬ್ಬರು ನೋಡಿದ ಕೂಡಲೇ ಇಬ್ಬರೂ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ನಾಲ್ಕು ಹಮಾಲಿಗಳು ಕೈಮುಗಿದು ನಿಂತಿದ್ದರು. ಅವರ ಕೈಗಳ ಗಾತ್ರ ನೋಡಿದ ಮೇಲೆ ವಿದ್ವಾಂಸರು ಬಂದು ಕುಳಿತರು. ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ತಟ್ಟೆ ಬಂತು. ಆಮೇಲೆ ಜಗನ್ಮೋಹನ್ ಜೇಬಿನಿಂದ ಸ್ಟ್ಯಾಂಪ್ ಪೇಪರ್ ತೆಗೆದರು.

ಕೂಲಿ ಒಪ್ಪಂದದ ನಮೂನೆಯಲ್ಲೇ ಬರೆದಿದ್ದರು. “ಒಂದನೇ ಪಾರ್ಟಿಯವರಾದ ಡಾ. ಸತ್ಯಮೂರ್ತಿಗಾರು ನೇಕಾರರು ಹೊರಗಿನಿಂದ ಬಂದರೆಂಬ ಬೇಡಿಕೆಯಲ್ಲಿ ಅರ್ಧ ಬಿಟ್ಟುಕೊಡತಕ್ಕದ್ದು. ಎರಡನೇ ಪಾರ್ಟಿಯವರಾದ ಡಾ. ರಾಜ್ಯಲಕ್ಷ್ಮಿಗಾರು ಅಲ್ಲೇ ಇದ್ದರೆಂಬ ಬೇಡಿಕೆಯಲ್ಲಿ ಅರ್ಧ ಬಿಟ್ಟುಕೊಡತಕ್ಕದ್ದು. ಅರ್ಧ ನೇಕಾರರು ಬಂದರೆಂದೂ ಅರ್ಧ ನೇಕಾರರು ಇದ್ದರೆಂದೂ ಉಭಯ ಪಾರ್ಟಿಗಳು ಈ ಮೂಲಕ ಒಪ್ಪಿರುತ್ತಾರೆ. ಅಡಿಟಿಪ್ಪಣಿಗಳಲ್ಲಿ ಬೈದದ್ದನ್ನು ಪರಸ್ಪರ ಹಿಂತೆಗೆದುಕೊಳ್ಳತಕ್ಕದ್ದು. ಇನ್ನು ಮುಂದೆ ಈ ವಿಷಯದಲ್ಲಿ ಯಾವ ತಕರಾರೂ ಎತ್ತತಕ್ಕದ್ದಲ್ಲ.”

ಹೊರಗೆ ಹಡಗೊಂದು ದೀರ್ಘವಾಗಿ ಕೂಗಿತು. ರಾಜ್ಯಲಕ್ಷ್ಮಿ ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟರು. “ಇದೆಲ್ಲ ಯಾರ ಬೋಧನೆ?”

ಎಲ್ಲರ ಬೆರಳೂ ಶಂಕರಪ್ಪನವರ ಕಡೆ ತಿರುಗಿದವು.

“ನಿಮ್ಮ ವಿದ್ಯಾರ್ಹತೆ?”

“ಎಂ.ಎ., ಮೇಡಂ.”

“ನಿಮ್ಮ ಸಂಶ್ಲೇಷಣ ಪ್ರಬಂಧ ಯಾವ ವಿಷಯದ ಮೇಲಿತ್ತು?”

ಶಂಕರಪ್ಪನವರು ಕಿಟಕಿಯಿಂದ ಸಮುದ್ರ ನೋಡಿದರು. ಈಜು ಬರುತ್ತಿರಲಿಲ್ಲ. “ಪ್ರಥಮ ವರ್ಷ, ಮೇಡಂ” ಎಂದರು. “ಬೋರ್ಡಲ್ಲಿ ಜಾಗ ಇರ್ಲಿಲ್ಲ.”

ಕಾಮೇಶ್ವರ ರಾಯರು ಕುಳಿತಲ್ಲೇ ಅರ್ಧ ಎದ್ದರು. “ಅಂದ್ರೆ ಇಷ್ಟು ದಿನ ನಮಗೆ ಕಲಿಸಿದ್ದು, ನಮಗಿಂತ ಒಂದು ವರ್ಷ ಹಿಂದಿರೋ…”

ಶಂಕರಪ್ಪನವರ ಕಣ್ಣ ಮುಂದೆ ತಿಪಟೂರಿನ ರೈಲು ಅವರನ್ನು ಬಿಟ್ಟು ಹೊರಟುಹೋಯಿತು. ಅದರ ಕಿಟಕಿಯಲ್ಲಿ ಇಡ್ಲಿ ಪಾತ್ರೆಯ ಗೋಣಿ ಒಂದೇ ಕೂತಿತ್ತು.

“ಹೋಗ್ಲಿ ಬಿಡಿ ಸಾರ್” ಎಂದರು ಜಗನ್ಮೋಹನ್. “ನಾನು ಹಮಾಲಿಗಳ ನಾಯಕ, ಜನ್ಮದಲ್ಲಿ ಒಂದು ಮೂಟೆ ಎತ್ತಿಲ್ಲ. ಈಗ ಸಹಿ ಆಗ್ಲಿ.” ಪೆನ್ನು ಬಿಚ್ಚಿ ಸತ್ಯಮೂರ್ತಿಯವರ ಕೈಗಿತ್ತರು.

ಸತ್ಯಮೂರ್ತಿ ಒಪ್ಪಂದವನ್ನು ಎರಡು ಸಲ ಓದಿದರು. ಅವರ ಮುಖ ಬಿಳಿಚಿಕೊಂಡಿತು. ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ನೇರವಾಗಿ ಆಕೆಯ ಜೊತೆ ಮಾತಾಡಿದರು.

“ರಾಜ್ಯಲಕ್ಷ್ಮಿಗಾರು, ‘ಇನ್ನು ಮುಂದೆ ತಕರಾರು ಎತ್ತತಕ್ಕದ್ದಲ್ಲ’ ಅಂತಿದೆ. ಮುಂದಿನ ತಿಂಗಳ ಸಂಕಿರಣಕ್ಕೆ ಏನು ಮಾಡೋದು?”

“ಸಂಕಿರಣ ಹಾಳಾಗ್ಲಿ, ನನ್ನ ಎರಡನೇ ಪುಸ್ತಕ ಇಡೀ ನಿಮ್ಮ ಖಂಡನೆ!”

“ಅದಕ್ಕೆ ಉತ್ತರವಾಗಿ ನನ್ನ ಮೂರನೇದು ಅಚ್ಚಿನಲ್ಲಿದೆಯಮ್ಮಾ!”

“ನೀವು ಅರ್ಧ ಬಿಟ್ಟುಕೊಟ್ರೆ ನಾನು ಯಾರ ಮೇಲೆ ಬರೀಲಿ? ಬಿಡಬೇಡಿ ಅಂಡಿ! ಕಾಲಂಗುಲ ಬಿಡಬೇಡಿ!”

ಇಬ್ಬರೂ ಎದ್ದರು. ಭುಜಕ್ಕೆ ಭುಜ ಕೊಟ್ಟು ನಿಂತರು. ತಮ್ಮ ಮಧ್ಯೆ ಯಾವ ಒಪ್ಪಂದವೂ ಸಾಧ್ಯವಿಲ್ಲ ಎಂಬುದನ್ನು ಒಕ್ಕೊರಲಿನಿಂದ ಘೋಷಿಸಿದರು. ವಿದ್ವತ್ತಿನ ಸ್ವಾತಂತ್ರ್ಯ, ಸಂಶೋಧನೆಯ ಘನತೆ ಎಂದೆಲ್ಲ ಒಬ್ಬರು ಶುರು ಮಾಡಿದ ವಾಕ್ಯವನ್ನು ಇನ್ನೊಬ್ಬರು ಮುಗಿಸಿದರು. ಆಮೇಲೆ ಒಂದೇ ಆಟೋದಲ್ಲಿ ಹೊರಟುಹೋದರು. ಹಣ್ಣಿನ ತಟ್ಟೆ ಮರೆಯಲಿಲ್ಲ.

ಹಾಲಿನಲ್ಲಿ ಉಳಿದವರಲ್ಲಿ ಮೊದಲು ಮಾತಾಡಿದ್ದು ಗಂಗಾಭವಾನಿ.

“ನೇಕಾರರು ಎಲ್ಲಿಂದ ಬಂದರೋ ಗೊತ್ತಿಲ್ಲ. ಇವರಿಬ್ಬರು ಇಲ್ಲೀತನ ಬಂದದ್ದು ಮಾತ್ರ ಈ ಜಗಳದಿಂದ.” ಉಟ್ಟಿದ್ದ ಮಂಗಳಗಿರಿ ಸೀರೆಯ ಸೆರಗು ಸರಿಮಾಡಿಕೊಂಡರು. “ನಲವತ್ತು ವರ್ಷದಿಂದ ಒಂದೇ ಮಗ್ಗದವನ ಹತ್ರ ಸೀರಿ ತಗೋತೀನಿ. ನಿಮ್ಮವರು ಎಲ್ಲಿಯವರಪ್ಪ ಅಂದ್ರ ಒಂದು ತಾಸು ಕಥಿ ಹೇಳ್ತಾನ. ಬೆಜವಾಡದಿಂದ ಬಸ್ಸು ಹತ್ತಿದ್ರ ಅರ್ಧ ತಾಸಿಲ್ಲ. ಮೂರು ಲೇಖನದಾಗ ಒಬ್ಬರಾದ್ರೂ ಹೋಗಿ ಅವನ್ನ ಕೇಳ್ಯಾರೇನ್ರಿ?”

ಕಾಮೇಶ್ವರ ರಾಯರು ಚೀಲದಿಂದ ಮೂರೂ ಲೇಖನ ತೆಗೆದು ಅಡಿಟಿಪ್ಪಣಿಗಳ ಮೇಲೆ ಬೆರಳಾಡಿಸಿದರು. ಸತ್ಯಮೂರ್ತಿ ರಾಜ್ಯಲಕ್ಷ್ಮಿಯವರನ್ನು ಬೈದು ಬರೆದಿದ್ದರು, ರಾಜ್ಯಲಕ್ಷ್ಮಿ ಸತ್ಯಮೂರ್ತಿಯವರನ್ನು ಬೈದು ಬರೆದಿದ್ದರು, ಮೂರನೆಯವರು ಇಬ್ಬರನ್ನೂ ಓದಿ ಬರೆದಿದ್ದರು. ಯಾವ ಪುಟದಲ್ಲೂ ಒಬ್ಬ ನೇಕಾರನ ಹೆಸರಿರಲಿಲ್ಲ. ರಾಯರ ಮುಖದಲ್ಲಿ ಒಂದು ಬಗೆಯ ಗಾಬರಿ ಕಾಣಿಸಿತು.

“ಶಂಕರಪ್ಪ” ಎಂದರು ಮೆಲ್ಲಗೆ, “ನನಗೇನೋ ಅನ್ನಿಸ್ತಿದೆ.”

“ನೀರು ತರ್ಲಾ ಸರ್?”

“ಅದಲ್ಲ. ನನಗೆ… ಅಭಿಪ್ರಾಯ ಬರ್ತಿದೆ.”

ಅಲ್ಲೇ, ಯೂನಿಯನ್ ಹಾಲಿನ ಮೇಜಿನ ಮೇಲೆ, ಸಹಿಯಾಗದ ಒಪ್ಪಂದದ ಪಕ್ಕದಲ್ಲಿ ಕುಳಿತು ಅವರು ಬರೆಯತೊಡಗಿದರು. ಈ ಮೂವರೂ ಒಬ್ಬರ ಸುತ್ತ ಒಬ್ಬರು ಪ್ರದಕ್ಷಿಣೆ ಹಾಕಿದ್ದಾರೆ, ಮಂಗಳಗಿರಿಗೆ ಯಾರೂ ಹೋಗಿಲ್ಲ; ಬಂದರೆನ್ನುವವರಿಗೂ ಇದ್ದರೆನ್ನುವವರಿಗೂ ಜಗಳ ಬೇಕಾಗಿದೆ, ನೇಕಾರ ಬೇಕಾಗಿಲ್ಲ. ‘ನನ್ನ ಅಭಿಪ್ರಾಯದಲ್ಲಿ’ ಎಂಬ ಮಾತಿಗೆ ಬಂದಾಗ ಹಸಿರು ಶಾಯಿಯ ಪೆನ್ನು ಎರಡು ಸಲ ಮೇಲೆದ್ದು ಎರಡು ಸಲ ಇಳಿಯಿತು. ಮೂರನೆಯ ಸಲ ಬರೆದೇಬಿಟ್ಟಿತು. ಬರೆದು ಮುಗಿಸಿ ತಲೆಯೆತ್ತಿದಾಗ ರಾಯರ ಕಣ್ಣು ತುಂಬಿದ್ದವು. ಶಂಕರಪ್ಪನವರಿಗೂ ಎದೆಯುಬ್ಬಿತು. ಏನೂ ಕಲಿಸದೆ ಇಷ್ಟು ಕಲಿಸಿದ ಗುರು ಬೇರೆ ಯಾರಿದ್ದಾರೆ ಎಂದು ಹೆಮ್ಮೆಯಾಯಿತು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಮೂವರೂ ಪಾಸು. ರಾಯರ ಪ್ರಬಂಧವನ್ನೂ ಅದೇ ಜಾಡಿನಲ್ಲಿ ಅಕ್ಕ ತಮ್ಮ ಬರೆದದ್ದನ್ನೂ ಓದಿ ಇಬ್ಬರು ಪರೀಕ್ಷಕರಿಗೂ ಸಿಟ್ಟು ಬಂದಿತ್ತು. ಆದರೆ ತನಗಿಂತ ಇನ್ನೊಬ್ಬರಿಗೆ ಹೆಚ್ಚು ಪೆಟ್ಟು ಬಿದ್ದಿದೆ ಎಂದು ಇಬ್ಬರಿಗೂ ಅನಿಸಿ, ಇಬ್ಬರೂ ಧಾರಾಳವಾಗಿ ಅಂಕ ಕೊಟ್ಟಿದ್ದರು. ರಾಯರು ಅಳಿಯನಿಗೆ ತಂತಿ ಕೊಟ್ಟರು: ‘ಕಷ್ಟವಾಗಲಿಲ್ಲ’.

ಬೋರ್ಡಿನ ವಿಷಯ ರಾಯರು ಮತ್ತೆ ಎತ್ತಲಿಲ್ಲ. ಬದಲಿಗೆ ಸೋಮವಾರ ಬೆಳಿಗ್ಗೆ ಶಾಖೆಗೆ ಫೋನ್ ಮಾಡಿ, “ನಿಮ್ಮ ಫೈಲು ಕೈಗೆ ತಗೊಂಡೀನಿ ಶಂಕರಪ್ಪ. ಈ ಸಲ ಪರಿಶೀಲನೆ ಗಿರಿಶೀಲನೆ ಇಲ್ಲ. ತೀರ್ಮಾನ” ಎಂದರು. ಸುಲೋಚನಾ ಉಳಿದ ಪಾತ್ರೆಗಳನ್ನೂ ಕಟ್ಟಿದಳು. ಮೃಣಾಲಿನಿಯನ್ನು ಕೂರಿಸಿ ‘ಅಜ್ಜೀ, ಬರ್ತಿದೀವಿ’ ಎಂದು ಕನ್ನಡದಲ್ಲಿ ಬರೆಸಿದಳು.

ಗುರುವಾರ ಲಕೋಟೆ ಬಂತು. ಕೈಗೆತ್ತಿಕೊಂಡಾಗಲೇ ಭಾರವಿತ್ತು. ವರ್ಗದ ಆರ್ಡರು ನ್ಯಾಯವಾಗಿ ನಾಲ್ಕು ಸಾಲು. ಇದು ಆರು ಪುಟ. ಶಂಕರಪ್ಪನವರು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದರು, ಸುಲೋಚನಾ ಬಾಗಿಲಿಗೊರಗಿ ಕೇಳಿದಳು.

‘ಪೀಠಿಕೆ. ಈ ವಿಷಯದಲ್ಲಿ ಮೂರು ಆಕರಗಳಿವೆ. ಅರ್ಜಿದಾರರು ತಿಪಟೂರಿಗೆ ಹೋಗಬೇಕೆನ್ನುತ್ತಾರೆ. ಶಾಖಾ ಮ್ಯಾನೇಜರರು ಹೋಗಬಹುದೆನ್ನುತ್ತಾರೆ. ಸಿಬ್ಬಂದಿ ವಿಭಾಗದವರು ತಿಪಟೂರಿನಲ್ಲಿ ಜಾಗ ಖಾಲಿಯಿದೆ ಎನ್ನುತ್ತಾರೆ. ಮೂವರಲ್ಲೂ ಒಮ್ಮತವಿದೆ. ಆದರೆ ಮೂವರು ಒಪ್ಪಿದ ಮಾತ್ರಕ್ಕೆ ಒಪ್ಪಿಬಿಡುವುದು ವಿದ್ವತ್ತಿನ ಲಕ್ಷಣವಲ್ಲ.’

ಶಂಕರಪ್ಪನವರ ದನಿ ಇಳಿಯಿತು.

‘ನನ್ನ ಅಭಿಪ್ರಾಯದಲ್ಲಿ, ಶ್ರೀ ಶಂಕರಪ್ಪನವರು ವಿಜಯವಾಡದಲ್ಲೇ ಇರತಕ್ಕದ್ದು. ಈ ಕಚೇರಿಯ ಐವರು ಅಧಿಕಾರಿಗಳು, ಜೊತೆಗೆ ನನ್ನ ಶ್ರೀಮತಿಯವರು, ಬರುವ ವರ್ಷ ಎಂ.ಎ.ಗೆ ಕಟ್ಟಿರುತ್ತಾರೆ. ಮೇಲಾಗಿ ಅರ್ಜಿದಾರರ ವಿದ್ಯಾಭ್ಯಾಸ ಅಪೂರ್ಣವಾಗಿದ್ದು, ದ್ವಿತೀಯ ವರ್ಷಕ್ಕೆ ಅವರ ಶುಲ್ಕವನ್ನು ನಾನೇ ಕಟ್ಟಿರುತ್ತೇನೆ. ಈ ಹಂತದಲ್ಲಿ ವರ್ಗ ಮಾಡಿದರೆ ಅವರ ಭವಿಷ್ಯಕ್ಕೆ ಧಕ್ಕೆ.’ ‘ಅಪೂರ್ಣ’ ಎಂಬಲ್ಲಿ ಒಂದು ಸಣ್ಣ ಅಂಕಿಯಿತ್ತು. ಕೆಳಗೆ ಅಡಿಟಿಪ್ಪಣಿ: ‘ನೋಡಿ: ಅರ್ಜಿದಾರರ ಮನೆಯ ಬೋರ್ಡು.’

ಗುರುವಿಗೇ ತಿರುಮಂತ್ರ! ಮಹಡಿಯ ಮೇಲಿಂದ ಗಂಗಾಭವಾನಿ ಎಂ.ಎ.ಯವರು ಬಗ್ಗಿ ನೋಡಿ, “ಏನಂಡಿ, ಒಳ್ಳೇ ಸುದ್ದಿ ಏನು?” ಎಂದು ಕೇಳಿದರು.

ಸುಲೋಚನಾ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ಆರೂ ಪುಟವನ್ನು ತಾನೇ ಇನ್ನೊಮ್ಮೆ ಓದಿದಳು. ಅಡಿಟಿಪ್ಪಣಿಯನ್ನೂ ಬಿಡಲಿಲ್ಲ. ಅಳಲಿಲ್ಲ, ಬಯ್ಯಲಿಲ್ಲ. ಸೀದಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು ಕೇಳಿಸಿತು. ಶಂಕರಪ್ಪನವರು ಹೆದರಿ ಇಣುಕಿದರು. ಆಕೆ ಗೋಣಿಯ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ ಇಡ್ಲಿ ಪಾತ್ರೆಯನ್ನು ಹೊರಗೆ ತೆಗೆಯುತ್ತಿದ್ದಳು. ಸೆರಗಿನಿಂದ ಅದರ ಧೂಳು ಒರೆಸಿ ಒಲೆಯ ಪಕ್ಕ ಇಟ್ಟಳು.

“ಉದ್ದಿನಬೇಳೆ ಮುಗಿದಿದೆ, ತಗೊಂಡ್ಬನ್ನಿ” ಎಂದಳು. “ಭಾನುವಾರ ನಿಮ್ಮ ಶಿಷ್ಯರನ್ನ ಇಡ್ಲಿ ತಿನ್ನೋಕೆ ಕರೀರಿ. ಕಾಮೇಶ್ವರ ರಾಯರು ತಪ್ಪಿಸ್ಬಾರ್ದು.”

“ಅಷ್ಟೆಲ್ಲ ಮಾಡಿದ್ರೂ ಅವರಿಗೆ ಇಡ್ಲಿನಾ?”

“ತಿನ್ಲಿ. ತಿಂದಾದ್ಮೇಲೆ ಹೇಳೋದಿದೆ. ಈ ವಿಷಯದಲ್ಲಿ ಈ ಅಡುಗೆಮನೆಯಲ್ಲಿ ನಾಲ್ಕನೇದೊಂದು ಆಕರ ಇದೆ, ಅದನ್ನ ಅವರಿನ್ನೂ ಓದಿಲ್ಲ.”

ಶಂಕರಪ್ಪನವರು ಚೀಲ ಹಿಡಿದು ಉದ್ದಿನಬೇಳೆ ತರಲು ಹೊರಟರು. ಬಾಗಿಲು ದಾಟುವಾಗ ಬೋರ್ಡಿನ ಕಡೆ ನೋಡಲಿಲ್ಲ.